ಬರೇ ಲಿಂಕ್ ಅದಾವ

"ಇದರಾಗ ಏನೂ ಇಲ್ರೀ ಸರ, ಬರೇ ಲಿಂಕ್ ಅದಾವ."

ಬಾಗಲಕೋಟೆ ನವನಗರದ ಝೆರಾಕ್ಸ್ ಅಂಗಡಿ ಹುಡುಗ ಮೊನ್ನೆ ನಮ್ಮ ಕಾಕಾಗೆ ಹೇಳಿದ ಮಾತಿದು. ಮನೆಯಲ್ಲಿ ಎಲ್ಲರೂ ಇದನ್ನೇ ಹೇಳಿಕೊಂಡು ನಗುತ್ತಿದ್ದೇವೆ. ಕಾಕಾ ಮಾತ್ರ ನಗುತ್ತಿಲ್ಲ.

ಕಾಕಾ ದಿನಾ ಬೆಳಿಗ್ಗೆ ಚಹಾ ಜೊತೆ ತೆರೆಯುವ ಫೀಡ್ ರೀಡರ್‌ನವರು ತಿಂಗಳ ಕೊನೆಗೆ ಬಾಗಿಲು ಹಾಕುತ್ತೇವೆ ಅಂತ ಮೇಲ್ ಕಳಿಸಿದ್ದರು. ಫೀಡ್ ರೀಡರ್ ಅಂದರೆ ನಾವು ಆರಿಸಿಕೊಂಡ ಬ್ಲಾಗು, ತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ತಂದು ತೋರಿಸುವಂಥದ್ದು; ಪ್ರತಿ ತಾಣ ಹೀಗೆ ಹೊಸ ಬರಹ ಕಳಿಸುವ ಸಾಲೇ ಅದರ ಫೀಡ್. ಕಾಕಾ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರ್ ಆದವರು. ಫೇಸ್‌ಬುಕ್ ಅಂದರೆ ಅವರಿಗೆ ಆಗದು. "ಅಲ್ಲಿ ಅವರು ತೋರಿಸಿದ್ದು ನಾ ನೋಡಬೇಕು. ಇಲ್ಲಿ ನಾ ಆರಿಸಿದ್ದು ಅಷ್ಟ ಬರ್ತೈತಿ" ಅನ್ನುತ್ತಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗನಿಗೆ ಫೋನ್ ಮಾಡಿದರೆ, "ಅಪ್ಪಾ, ಈಗ ಅದನ್ನೆಲ್ಲಾ ಯಾರ ಓದ್ತಾರ? ಯೂಟ್ಯೂಬ್ ನೋಡ್ರಿ" ಅಂದನಂತೆ. ದೊಡ್ಡ ಸಂಬಳದವರಿಗೆ ಸಣ್ಣ ಕೆಲಸ ಹೇಳಬಾರದು, ಬಿಡಿ. 2013ರ ಜುಲೈ 1ಕ್ಕೆ ಗೂಗಲ್‌ನವರ ಫೀಡ್ ರೀಡರ್ ಆಗಿದ್ದ ಗೂಗಲ್ ರೀಡರ್ ನಿಂತಾಗ ಇದೇ ಮಗ, ನಮ್ಮ ಮಾಹಿತಿ ಇಳಿಸಿಕೊಳ್ಳೋಕೆ ಗೂಗಲ್ ಕೊಡುವ ಟೇಕ್‌ಔಟ್‌ನಿಂದ ಅಪ್ಪನ ಫೀಡ್ ಪಟ್ಟಿ ಇಳಿಸಿಕೊಟ್ಟಿದ್ದ. ಆಗ ಕಾಲೇಜಿನಲ್ಲಿದ್ದ, ಪುರುಸೊತ್ತಿತ್ತು.

ಈ ಸಲ ನನ್ನ ಪಾಳಿ. ಸೆಟ್ಟಿಂಗ್ಸ್‌ಗೆ ಹೋಗಿ ಎಕ್ಸ್‌ಪೋರ್ಟ್ ಒತ್ತಿದೆ. ಓಪಿಎಂಎಲ್ ಫೈಲ್ ಒಂದು ಇಳಿಯಿತು, ಅಂದರೆ ಬೇರೆ ರೀಡರ್‌ಗೂ ಕೊಡಬಹುದಾದ ಫೀಡ್‌ಗಳ ಪಟ್ಟಿ. ಸುಮಾರು 2000ನೇ ಇಸವಿಯಲ್ಲಿ ಅಮೆರಿಕದ ಸಾಫ್ಟ್‌ವೇರ್ ತಯಾರಕ ಡೇವ್ ವೈನರ್ ಅವರ ಕಂಪನಿ ಇದನ್ನು ಮಾಡಿದ್ದು ಫೀಡ್‌ಗಳಿಗಾಗಿ ಅಲ್ಲ, ಟಿಪ್ಪಣಿಗಳನ್ನು ಒಂದರೊಳಗೊಂದು ಜೋಡಿಸಿಡೋಕೆ. ಅದಕ್ಕೇ ಕಾಕಾ ಮಾಡಿಕೊಂಡಿದ್ದ 'ಗಣಿತ', 'ಕವಿತೆ', 'ಬೇಸಾಯ' ಫೋಲ್ಡರ್‌ಗಳೂ ಹಾಗೇ ಬಂದವು.

ಫೈಲ್ 40 ಕೆಬಿ ಕೂಡ ಇರಲಿಲ್ಲ. "ಇಷ್ಟ ಏನೋ ತಮ್ಮಾ?" ಅಂದರು ಕಾಕಾ. ಬೆಳಗಾದರೆ ಅವರ ವಾಟ್ಸಾಪಿಗೆ ಬರುವ ಗುಲಾಬಿ ಹೂವಿನ ಶುಭೋದಯವೇ ಇದಕ್ಕಿಂತ ದೊಡ್ಡದು. ನಂಬಿಕೆ ಬರಲಿ ಅಂತ ನೋಟ್‌ಪ್ಯಾಡ್‌ನಲ್ಲಿ ತೆರೆದು ತೋರಿಸಿದೆ. ಸಾಲಿಗೊಂದು ಹೆಸರು, ಫೀಡಿನ ವಿಳಾಸ, ಪಕ್ಕದಲ್ಲಿ ಆ ತಾಣದ ವಿಳಾಸ. ವರ್ಡ್‌ಪ್ರೆಸ್‌ನವು 'ಫೀಡ್' ಅಂತ ಮುಗಿಯುತ್ತವೆ, ಬ್ಲಾಗ್‌ಸ್ಪಾಟ್‌ನವು 'ಪೋಸ್ಟ್ಸ್, ಡೀಫಾಲ್ಟ್' ಅಂತ. ಕಾಕಾ ಸಾಲಿನ ಮೇಲೆ ಬೆರಳಿಟ್ಟು, ಹಾಜರಿ ತಗೊಂಡ ಹಾಗೆ ಹೆಸರು ಓದುತ್ತಾ ಹೋದರು.

"ನಾ ಸ್ಟಾರ್ ಹಾಕಿದ್ದು ಎಲ್ಲಿ?"

ಅದು ಬರುವುದಿಲ್ಲ. ಯಾವುದನ್ನು ಓದಿದಿರಿ, ಯಾವುದಕ್ಕೆ ಸ್ಟಾರ್ ಹಾಕಿದಿರಿ ಅನ್ನೋದು ಈ ಪಟ್ಟಿಯಲ್ಲಿ ಇರುವುದಿಲ್ಲ. ಕಾಕಾ ಮುಖ ಸಣ್ಣದಾಯಿತು. ಕಾಕು ಗಿರಮಿಟ್ಟು ತಂದಿಟ್ಟರೂ ಮುಟ್ಟಲಿಲ್ಲ. ಕೊನೆಗೆ ಬೇಕೇ ಬೇಕು ಅಂದದ್ದನ್ನು ಒಂದೊಂದಾಗಿ ಪಿಡಿಎಫ್ ಮಾಡಿಟ್ಟೆವು. ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಯಿತು.

ಪಟ್ಟಿಯನ್ನು ಪೆನ್‌ಡ್ರೈವ್‌ಗೆ ಹಾಕಿದೆ, ಅವರ ಮೇಲ್‌ಗೂ ಕಳಿಸಿದೆ. ಸಾಲದು, ಪ್ರಿಂಟ್ ಬೇಕಂತೆ. "ಕಾಗದದಿಂದ ಇಂಪೋರ್ಟ್ ಆಗೂದಿಲ್ರೀ ಕಾಕಾ" ಅಂದೆ. "ನಾ ಟೈಪ್ ಮಾಡ್ತೇನಿ, ನಿನಗೇನ್ ತ್ರಾಸು?" ಅಂದರು. ಹಟದಲ್ಲಿ ನಮ್ಮ ಮನೆಯಲ್ಲಿ ಅವರೇ ಮೊದಲು.

ಹಾಗೆ ಝೆರಾಕ್ಸ್ ಅಂಗಡಿ. ಹುಡುಗ ಫೈಲ್ ತೆರೆದ, ಕೆಳಗೆ ಸರಿಸಿದ, ಮತ್ತೆ ಮೇಲೆ ಬಂದ. ಪಾಪ, ಮುದುಕರ ದುಡ್ಡು ದಂಡ ಆಗಬಾರದು ಅಂತಲೇ ಹೇಳಿದ್ದು: "ಇದರಾಗ ಏನೂ ಇಲ್ರೀ ಸರ, ಬರೇ ಲಿಂಕ್ ಅದಾವ." ಕಾಕಾ ಕನ್ನಡಕದ ಮೇಲಿಂದ ನೋಡಿ, "ಅದಕ್ಕ ಪ್ರಿಂಟ್ ತಗಿ ಅಂದೆ" ಅಂದರು.

ಹುಡುಗ ಹೇಳಿದ್ದು ಸುಳ್ಳಲ್ಲ, ಅಲ್ವಾ? ಬರೀ ಲಿಂಕೇ. ಆದರೆ ದಾರಿಯಲ್ಲಿ ಬರುವಾಗ ಕಾಕಾ ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಬಿಟ್ಟು ಇಲ್ಲಿಗೆ ಬಂದಾಗ, ಅವರು ಮೊದಲು ಮಾಡಿದ ಕೆಲಸ ನೆಂಟರಿಗೆ, ಗೆಳೆಯರಿಗೆ ಹೊಸ ಸೆಕ್ಟರ್ ನಂಬರ್ ಬರೆದು ಕಾರ್ಡ್ ಹಾಕಿದ್ದಂತೆ. "ಮನಿ ನೀರಾಗ ಹೋತು. ಡೈರಿ ಕೈಯಾಗಿತ್ತು" ಅಂದರು.

ನಾನು ಇನ್‌ಸ್ಟಾಗ್ರಾಂನಲ್ಲಿ ಎಷ್ಟೋ ಜನರನ್ನು ಫಾಲೋ ಮಾಡುತ್ತೇನೆ. ನಾಳೆ ಅದು ನಿಂತರೆ ಅವರಲ್ಲಿ ಹತ್ತು ಜನರನ್ನೂ ಬೇರೆ ಕಡೆ ಹುಡುಕಿಕೊಳ್ಳಲಾರೆ. ಅಲ್ಲಿಂದಲೂ ಪಟ್ಟಿ ಇಳಿಸಿಕೊಳ್ಳಬಹುದು, ಗೊತ್ತು. ಆದರೆ ಅದನ್ನು ಇನ್ನೊಂದು ಆಪ್‌ಗೆ ಕೊಟ್ಟರೆ ಏನೂ ನಡೆಯದು. ಕಾಕಾ ಪಟ್ಟಿ ಹಾಗಲ್ಲ. ಬರೆಯುವವರ ಮನೆ ಬಾಗಿಲಿಗೇ ನೇರ ಹೋಗುತ್ತದೆ, ನಡುವೆ ಯಾರ ಅಪ್ಪಣೆಯೂ ಬೇಡ. ಇಪ್ಪತ್ತು ವರ್ಷಕ್ಕೂ ಹಳೆಯದಾದ ಈ ವ್ಯವಸ್ಥೆಯನ್ನು ಹಳೇ ಕಾಲದ್ದು ಅಂತ ಬದಿಗೆ ತಳ್ಳಿದ ನಾವೇ ಜಾಣರು ಅಂದುಕೊಂಡಿದ್ದೇವೆ.

ಹೊಸ ರೀಡರ್‌ಗೆ ಅದೇ ಸಂಜೆ ಇಂಪೋರ್ಟ್ ಮಾಡಿದೆ. ಕೆಲವು ಫೀಡ್‌ಗಳಿಗೆ ಎರರ್ ಬಂತು. ಇನ್ನು ಕೆಲವರು ಬರೆಯುವುದು ಬಿಟ್ಟೇ ವರ್ಷಗಳಾಗಿವೆ. ತೆಗೆದುಬಿಡಲಾ ಅಂತ ಕೇಳಿದೆ.

"ಬ್ಯಾಡ. ಮತ್ತ ಬರದ್ರ?"

ಎರರ್ ಬಂದವನ್ನಾದರೂ ತೆಗೆಯೋಣ ಅಂದೆ. ಅದಕ್ಕೂ ಒಪ್ಪಲಿಲ್ಲ. ನನಗೆ ಇದು ಅತಿಯಾಯಿತು ಅಂತಲೇ ಈಗಲೂ ಅನಿಸುತ್ತದೆ.

ಆಮೇಲೆ ನನಗೂ ಹೇಳದೆ ಅದೇ ಫೈಲನ್ನು ಗೆಳೆಯರಾದ ರಿಟೈರ್ಡ್ ಪೋಸ್ಟ್‌ಮಾಸ್ಟರ್‌ಗೆ ಕಳಿಸಿದ್ದಾರೆ. ಅವರ ಮೊಮ್ಮಗಳು ಅವರ ಫೋನಿಗೆ ಇಂಪೋರ್ಟ್ ಮಾಡಿಕೊಟ್ಟಳಂತೆ. ನಿನ್ನೆ ಅವರ ಫೋನ್ ಬಂತು. "ಮಾಸ್ತರ, ಬರೇ ಗಣಿತ, ಕವಿತಾ ಹಾಕೀರಲ್ರೀ. ಕ್ರಿಕೆಟ್ ಎಲ್ಲೈತಿ?" ಈಗ ಕಾಕಾಗೆ ಒಳ್ಳೆಯ ಕ್ರಿಕೆಟ್ ಫೀಡ್ ಬೇಕಾಗಿದೆ. ಹುಡುಕೋ ಕೆಲಸ ನನಗೇ ಬಿದ್ದಿದೆ.