ಸೆಗುಂದ ಅಂದ್ರೆ ಟ್ಯೂಸ್‌ಡೇ ಅಲ್ಲ

1ನೇ ವಾರ

ಲಿಸ್ಬನ್‌ನಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ಬ್ರೆಜಿಲ್‌ನ ಅಕ್ಕ ಒಬ್ಬರಿದ್ದಾರೆ. ಹೋಟೆಲ್ ರಿಸೆಪ್ಷನ್‌ನಲ್ಲಿ ಕೆಲಸ ಹುಡುಕುತ್ತಿದ್ದಾರೆ. ನಾನು ಅವರಿಗೆ ಇಂಗ್ಲಿಷಿನ ವಾರ, ತಿಂಗಳು, ಗಂಟೆ ಹೇಳಿಕೊಡುವುದು, ಅವರು ನನಗೆ ಪೋರ್ಚುಗೀಸ್ ಕಲಿಸುವುದು ಅಂತ ಮಾತಾಯಿತು.

ತಿಂಗಳು ಒಂದೇ ಸಂಜೆಗೆ ಮುಗಿಯಿತು. ಜನೇಯ್ರು, ಮಾರ್ಸು, ಅಬ್ರಿಲ್, ಎಲ್ಲ ನೆಂಟರೇ. ಬರೆಯುವಾಗ ಮೊದಲ ಅಕ್ಷರ ದೊಡ್ಡದಾಗಿ ಬರೆಯಲು ಮಾತ್ರ ಮರೆಯುತ್ತಾರೆ. ಅವರ ಭಾಷೆಯಲ್ಲಿ ವಾರಕ್ಕೂ ತಿಂಗಳಿಗೂ ಸಣ್ಣಕ್ಷರವೇ.

2ನೇ ವಾರ

ವಾರದಲ್ಲಿ ಎಡವಿದೆವು, ಅದೂ ಜೋರಾಗಿ. ಒಂದು ಹೋಟೆಲಿನವರು ಫೋನ್ ಮಾಡಿ ಟ್ಯೂಸ್‌ಡೇ ಬನ್ನಿ ಅಂದಿದ್ದರಂತೆ. ಅಕ್ಕ ಸೋಮವಾರವೇ ಹೋಗಿ ನಿಂತಿದ್ದಾರೆ.

ಯಾಕೆ ಅಂತ ತಿಳಿಯಲು ನನಗೆ ಎರಡು ದಿನ ಬೇಕಾಯಿತು. ಪೋರ್ಚುಗೀಸಿನಲ್ಲಿ ವಾರಕ್ಕೆ ನಂಬರು. ಸೋಮವಾರ ಸೆಗುಂದ ಫೇಯ್ರ, ಅಂದರೆ ಎರಡನೆಯದು. ಮಂಗಳವಾರ ತೇರ್ಸ ಫೇಯ್ರ, ಮೂರನೆಯದು. ಗುರುವಾರ ಕೀಂತ, ಐದನೆಯದು. ಹೀಗೇ ಶುಕ್ರವಾರದವರೆಗೆ. ಈಗ ಇಂಗ್ಲಿಷ್ ಕೇಳಿ ನೋಡಿ. ಟ್ಯೂಸ್‌ಡೇಯಲ್ಲಿ ಟೂ ಕೇಳಿಸುತ್ತದೆ, ಥರ್ಸ್‌ಡೇಯಲ್ಲಿ ಥರ್ಡ್ ಕೇಳಿಸುತ್ತದೆ. ಎರಡು ಅಂದರೆ ಸೆಗುಂದ, ಮೂರು ಅಂದರೆ ತೇರ್ಸ. ಅಕ್ಕನ ಲೆಕ್ಕ ಸರಿಯಾಗಿಯೇ ಇತ್ತು, ಅಲ್ವಾ!

6ನೇ ಶತಮಾನದಲ್ಲಿ, ಈಗ ಪೋರ್ಚುಗಲ್‌ನಲ್ಲಿರುವ ಬ್ರಾಗಾ ಊರಿನ ಬಿಷಪ್ ಮಾರ್ಟಿನ್ ವಾರಗಳಿಗೆ ಅನ್ಯದೇವರ ಹೆಸರು ಯಾಕೆ ಅಂತ ತಕರಾರು ತೆಗೆದಿದ್ದರು. ಇಂಗ್ಲಿಷಿನಲ್ಲಿ ಅಂಥ ಹೆಸರುಗಳೇ ಉಳಿದಿವೆ, ನನಗೋ ಈಗ ಅವೇ ಬೇಕಾಗಿವೆ. ನಂಬರಿನ ಕಾರ್ಡು ಹರಿದು ಹಾಕಿ ಗ್ರಹದ ಕಾರ್ಡು ಮಾಡಿದೆ. ಸನ್‌ಡೇಗೆ ಸೂರ್ಯ, ಮನ್‌ಡೇಗೆ ಚಂದ್ರ, ಸ್ಯಾಟರ್‌ಡೇಗೆ ಶನಿ. ನಮಗೆ ಭಾನು, ಸೋಮ, ಶನಿ ಬಾಯಲ್ಲೇ ಇರುವುದರಿಂದ ಇದು ಹೊಳೆಯುವುದು ಕಷ್ಟವಾಗಲಿಲ್ಲ. ಉಳಿದ ನಾಲ್ಕು ದಿನ ಸುಮ್ನೆ ಬಾಯಿಪಾಠ.

4ನೇ ವಾರ

ಪಿಜ್ಜಾ ಡಬ್ಬಿಯ ರಟ್ಟಿನಲ್ಲಿ ಗಡಿಯಾರ ಮಾಡಿದೆ. ದೊಡ್ಡ ಮುಳ್ಳು ಪಿನ್ನಿನಲ್ಲಿ ನಿಲ್ಲದೆ ಜಾರಿ ಯಾವಾಗಲೂ ಆರರ ಮೇಲೇ ಬಂದು ಕೂರುತ್ತದೆ. ಹಾಗಾಗಿ ಹಾಫ್ ಪಾಸ್ಟ್‌ನಿಂದಲೇ ಶುರು ಮಾಡಿದೆವು.

ಅವರದು ತ್ರೇಸ್ ಈ ಮೇಯ, ಮೂರು ಮತ್ತು ಅರ್ಧ. ನಮ್ಮ ಮೂರೂವರೆಯ ಹಾಗೆಯೇ. ಇಂಗ್ಲಿಷಿನವರು ಮಾತ್ರ ಅರ್ಧವನ್ನು ಮುಂದಕ್ಕೆ ತರುತ್ತಾರೆ. ಆದರೆ ಅದಕ್ಕಿಂತ ದೊಡ್ಡ ಪೇಚು ಹಾಫ್ ಅನ್ನುವ ಪದವೇ. ಪೋರ್ಚುಗೀಸಿನಲ್ಲಿ ಎಚ್ ಅಕ್ಷರ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಆಫ್ ಪಾಸ್ಟ್ ತ್ರೀ! ಆಮೇಲೆ ನೆನಪಾಯಿತು, ಬ್ರೆಜಿಲ್‌ನವರು ಪದದ ಮೊದಲಿನ ಆರ್ ಅನ್ನು ಹೆಚ್ಚುಕಡಿಮೆ ಹ ಅಂತಲೇ ಅನ್ನುತ್ತಾರೆ. ರಿಯೊ ಅವರ ಬಾಯಲ್ಲಿ ಹೀಯು. ಕಾರ್ಡಿನಲ್ಲಿ ಆರ್, ಎ, ಎಫ್ ಬರೆದು ತೋರಿಸಿದೆ. ಅಕ್ಕ ಓದಿದ್ದು: ಹಾಫಿ.

ಆ ಕೊನೆಯ ಇ ಹೋಗುವುದಿಲ್ಲ. ಮಾರ್ಚಿ, ಪಾಸ್ಟ್ಚಿ, ಏಯ್ಚಿ. ಎಂಟು ಗಂಟೆ ಅಂದರೆ ನನಗೆ ಎಚ್ ಅಕ್ಷರ ಕೇಳಿಸುತ್ತದೆ. ತಿದ್ದಲು ಹೋಗಿ ನಾನೇ ಮಾರ್ಚು ಅಂದೆ. ಬಸ್ಸು, ಕಾರು ಅನ್ನುವ ನಾಲಿಗೆ ನೋಡಿ.

ಕ್ವಾರ್ಟರ್ ಟು ತ್ರೀ ಅಂದಾಗ ಅಕ್ಕ ಕೇಳಿದರು, ರೂಮಿಗೂ ಮೂರಕ್ಕೂ ಏನು ಸಂಬಂಧ? ಅವರಿಗೆ ಕ್ವಾರ್ತು ಅಂದರೆ ಮಲಗುವ ಕೋಣೆ. ನಮ್ಮೂರಲ್ಲಿ ಕ್ವಾರ್ಟರ್ ಅಂದರೆ ಇನ್ನೇನೋ, ಅದನ್ನು ಹೇಳಲು ಹೋಗಲಿಲ್ಲ. ಬ್ರೆಜಿಲ್‌ನಲ್ಲಿ ಮೂರಕ್ಕೆ ಹದಿನೈದು ಅನ್ನುತ್ತಾರಂತೆ. ಅದರಿಂದ ಫಿಫ್ಟೀನ್ ಟು ತ್ರೀ ಅಂದರೂ ಸಾಕು ಅಂತ ರಾಜಿಯಾದೆವು.

6ನೇ ವಾರ

ಇನ್, ಆನ್, ಅಟ್. ಅವರು ದಿನದ ಮುಂದೆ ಹಾಕುವ ಎನ್-ಓ ಅನ್ನುವ ಪದವನ್ನು ಹಿಂದುಮುಂದು ಮಾಡಿದರೆ ಆನ್ ಬರುತ್ತದೆ. ಶನಿವಾರಕ್ಕೆ, ತಾರೀಕಿಗೆ ಈ ಉಪಾಯ ಚೆನ್ನಾಗಿ ನಡೆಯಿತು. ಬೇಸಿಗೆಗೆ ಬಂದಾಗ ಕೈಕೊಟ್ಟಿತು. ಅಲ್ಲೂ ಅವರು ಎನ್-ಓ ಅನ್ನುತ್ತಾರೆ, ಇಂಗ್ಲಿಷಿಗೆ ಇನ್ ಬೇಕು. ಅಷ್ಟು ದಿನ ಮೆರೆದಿದ್ದಕ್ಕೆ ಅಕ್ಕ ಚೆನ್ನಾಗಿ ಕಾಲೆಳೆದರು.

ಬಾಕಿ ಇರುವುದು: 15 ಗಂಟೆ ಅಂತ ಬರೆದಿರುವುದನ್ನು ಥಟ್ಟನೆ ತ್ರೀ ಪಿಎಂ ಅನ್ನುವುದು. ಮಧ್ಯಾಹ್ನ 12 ಎಎಮ್ಮೋ ಪಿಎಮ್ಮೋ ಅನ್ನುವ ಜಗಳ. ಥರ್ಟೀನ್, ಥರ್ಟಿ. ಮತ್ತೆ ಮುಳ್ಳಿಗೊಂದು ಗಟ್ಟಿ ಪಿನ್ನು.

ಮೊನ್ನೆ ಇನ್ನೊಂದು ಹೋಟೆಲಿನಿಂದ ಫೋನ್ ಬಂತು, ಥರ್ಸ್‌ಡೇ, ಹಾಫ್ ಪಾಸ್ಟ್ ಟೆನ್. ಅಕ್ಕ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ಕೇಳಿದರು, ಕೀಂತ ತಾನೇ? ಹೌದು, ಕೀಂತ.