ಕೇಳಿದ್ದು ಚುನಾವಣೆ

ರಾತ್ರಿ ಸುಮ್ನೆ ಈಜಿಪ್ಟಿನ ‘ತಮರೋದ್’ ಚಳವಳಿ ಬಗ್ಗೆ ಓದುತ್ತಾ ಕೂತಿದ್ದೆ. 2013ರ ಏಪ್ರಿಲ್‌ನಲ್ಲಿ ಒಂದಷ್ಟು ಹುಡುಗರು ಶುರು ಮಾಡಿದ್ದು. ಒಂದೇ ಹಾಳೆಯ ಅರ್ಜಿ: ಹೆಸರು, ಗುರುತಿನ ಚೀಟಿ ನಂಬರ್, ಸಹಿ. ಅಧ್ಯಕ್ಷ ಮೊರ್ಸಿ ಇಳಿಯಬೇಕು, ಬೇಗ ಚುನಾವಣೆ ಆಗಬೇಕು, ಅಷ್ಟೇ. 2.2 ಕೋಟಿ ಸಹಿ ಬಂತು ಅಂದರು. ಹೊರಗಿನವರು ಯಾರೂ ಎಣಿಸಿ ನೋಡಲಿಲ್ಲ ಬಿಡಿ. ಹಿಂದಿನ ವರ್ಷ ಮೊರ್ಸಿಗೆ ಬಿದ್ದಿದ್ದ ವೋಟೇ ಸುಮಾರು 1.3 ಕೋಟಿ!

ಜೂನ್ 30ಕ್ಕೆ ಬೀದಿ ತುಂಬಿತು. ಜುಲೈ 3ಕ್ಕೆ ಸೇನೆಯೇ ಅವರನ್ನು ಇಳಿಸಿತು. ಮುಂದಿನ ವರ್ಷ ಸೇನಾ ಮುಖ್ಯಸ್ಥರಾಗಿದ್ದ ಸಿಸಿ ಅಧ್ಯಕ್ಷರಾದರು. ಸಹಿ ಹಾಕಿದವರು ಸೇನೆ ಬರಲಿ ಅಂತ ಕೇಳಿರಲಿಲ್ಲ ಅಲ್ವಾ ಅಂತ ಸಿಟ್ಟು ಬಂತು. ಆದರೆ ಟಿವಿಯಲ್ಲಿ ಸಿಸಿ, ಮೊರ್ಸಿಯನ್ನು ಇಳಿಸಿದ ಘೋಷಣೆ ಓದುವಾಗ ಚಳವಳಿಯ ಮುಂದಾಳು ಮಹಮೂದ್ ಬದ್ರ್ ಕೂಡ ಅಲ್ಲೇ ಕೂತಿದ್ದರು.