ಗುಜರಿಗೆ ಹೋದ ನೋಟುಬುಕ್ಕು

ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಗುಣಮಟ್ಟ ವಿಭಾಗದಲ್ಲಿದ್ದಾಗ, ‘ನಮ್ಮಲ್ಲಿ ಜ್ಞಾನ ನಿರ್ವಹಣೆ ಹೇಗಿದೆ?’ ಎಂದು ಆಡಳಿತ ವರ್ಗದವರನ್ನು ಕೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಬ್ಬರು ಹೊಸ ಸಾಫ್ಟ್‌ವೇರ್ ತೆರೆದು ತೋರಿಸಿದರು. ದಾಖಲೆ ವಿಭಾಗದವರು ಸ್ಕ್ಯಾನ್ ಮಾಡಿಟ್ಟ ಕೇಸ್‌ಶೀಟ್‌ಗಳ ಲೆಕ್ಕ ಕೊಟ್ಟರು. ಮತ್ತೊಬ್ಬರು ತರಬೇತಿಯ ಹಾಜರಿ ಪುಸ್ತಕವನ್ನೇ ಮುಂದಿಟ್ಟರು. ಇವೆಲ್ಲ ಬೇಕಾದವೇ. ಆದರೆ ಇವು ಮಾಹಿತಿಯನ್ನು ಕಾಪಿಡುವ ಏರ್ಪಾಡುಗಳಷ್ಟೇ, ಕೆಲಸ ಮಾಡುವವರ ಅನುಭವದ ಅರಿವನ್ನು ಉಳಿಸಿ ಹಂಚುವ ಜ್ಞಾನ ನಿರ್ವಹಣೆಯಲ್ಲ ಎಂಬುದು ಆಗ ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಅದೇ ಆಸ್ಪತ್ರೆಯ ವಾರ್ಡೊಂದರಲ್ಲಿ ಹಿರಿಯ ಸಿಸ್ಟರ್ ಒಬ್ಬರು ಇನ್ನೂರು ಪುಟದ ನೋಟುಬುಕ್ಕಿಗೆ ಖಾಕಿ ಬೈಂಡು ಹಾಕಿ ಇಟ್ಟುಕೊಂಡಿದ್ದರು. ಅದರಲ್ಲಿ ಬರೆದಿದ್ದುದು ಇಂಥವು: ಏಳನೇ ಹಾಸಿಗೆಯ ಆಕ್ಸಿಜನ್ ಔಟ್‌ಲೆಟ್ ಸಡಿಲವಿದೆ, ಫ್ಲೋಮೀಟರನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಒತ್ತಬೇಕು. ಕಾಸರಗೋಡಿನ ಕಡೆಯವರ ಡಿಸ್ಚಾರ್ಜ್ ಬಿಲ್ಲು ಮೊದಲು ಕಳುಹಿಸಬೇಕು, ಇಲ್ಲವಾದರೆ ಬಸ್ಸು ತಪ್ಪಿ ಅವರು ಇನ್ನೊಂದು ರಾತ್ರಿ ವರಾಂಡದಲ್ಲಿ ಮಲಗಬೇಕಾಗುತ್ತದೆ. ತುಳು ಮಾತ್ರ ಬಲ್ಲ ಅಜ್ಜಿಯಂದಿರು ‘ತಿಗಲೆ ಬೇನೆ’ ಎಂದರೆ ಎದೆನೋವು, ಹೊರಗಿನಿಂದ ಬಂದ ಡ್ಯೂಟಿ ಡಾಕ್ಟರಿಗೆ ತಡಮಾಡದೆ ಬಿಡಿಸಿ ಹೇಳಬೇಕು. ಹೊಸದಾಗಿ ಸೇರಿದ ಹುಡುಗಿಯರು ರಾತ್ರಿ ಪಾಳಿಯಲ್ಲಿ ಮೊದಲು ತೆರೆಯುತ್ತಿದ್ದುದು ಈ ಪುಸ್ತಕವನ್ನು, ಕೆಲಸದ ಅಧಿಕೃತ ವಿಧಾನಗಳನ್ನು ಬರೆದಿಟ್ಟ ಕಪಾಟಿನ ಎಸ್‌ಒಪಿ ಫೈಲನ್ನಲ್ಲ.

ಸಿಸ್ಟರ್ ಐರ್ಲೆಂಡಿಗೆ ಹೋದರು. ಕೆಲವು ತಿಂಗಳ ಬಳಿಕ, ಆಸ್ಪತ್ರೆಯ ಗುಣಮಟ್ಟ ನೋಡಿ ಮಾನ್ಯತೆ ಕೊಡುವವರ ತಪಾಸಣೆ ಬಂದಿತು. ದಾಖಲೆ ಸಂಖ್ಯೆ ಇಲ್ಲದ, ಅನುಮೋದನೆಯ ಸಹಿ ಇಲ್ಲದ ಕಾಗದ ವಾರ್ಡಿನಲ್ಲಿ ಇರಕೂಡದೆಂಬ ನಿಯಮದಂತೆ ಆ ನೋಟುಬುಕ್ಕು ಹಳೆಯ ರಿಜಿಸ್ಟರುಗಳ ಜೊತೆ ಗುಜರಿಗೆ ಹೋಯಿತು. ತೆಗೆಯಬೇಕಾದವುಗಳ ಪಟ್ಟಿಗೆ ಸಹಿ ಹಾಕಿದವನು ನಾನೇ.

ಬರವಣಿಗೆಗೆ ಸುಲಭವಾಗಿ ಒಗ್ಗದ, ಕೈಯಲ್ಲಿ ಮತ್ತು ರೂಢಿಯಲ್ಲಿ ಉಳಿಯುವ ಅರಿವನ್ನು ಮೈಕೆಲ್ ಪೊಲಾನಿ ಎಂಬ ಚಿಂತಕರು ಗುರುತಿಸಿದ್ದರು. ಅದನ್ನು ಸಂಸ್ಥೆಗಳ ಆಡಳಿತದ ವಿಚಾರಕ್ಕೆ ತಂದವರು ಜಪಾನಿನ ಇಕುಜಿರೊ ನೊನಾಕಾ. ಆಸ್ಪತ್ರೆಗಳ ಮಟ್ಟಿಗೆ ಇದು ಪುಸ್ತಕದ ಮಾತಲ್ಲ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನ ವೈದ್ಯರು, ಒಂದೇ ಮನೆಯವರು ಒಬ್ಬರ ಹಿಂದೊಬ್ಬರು ಒಂದೇ ಬಗೆಯ ಲಕ್ಷಣಗಳೊಂದಿಗೆ ಕಾಯಿಲೆ ಬಿದ್ದುದನ್ನು ಕಂಡು ಸಂಶಯಪಟ್ಟರು. ಮಾದರಿಗಳು ನಮ್ಮ ಮಣಿಪಾಲದ ವೈರಾಣು ಪ್ರಯೋಗಾಲಯಕ್ಕೆ ಬಂದವು, ನಿಫಾ ಪತ್ತೆಯಾಯಿತು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ದೃಢಪಡಿಸಿತು. 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ ಇದೇ ಸೋಂಕು ಆಸ್ಪತ್ರೆಯೊಳಗೇ ಹಬ್ಬಿದಾಗ ಅದು ನಿಫಾ ಎಂದು ಯಾರಿಗೂ ತಿಳಿದಿರಲಿಲ್ಲ, ಗೊತ್ತಾದದ್ದು ಆಮೇಲೆ. ಕೋಯಿಕ್ಕೋಡಿನಲ್ಲಿ ಪ್ರಯೋಗಾಲಯ ಎಷ್ಟು ಮುಖ್ಯವಾಗಿತ್ತೋ, ಸಂಶಯಪಟ್ಟ ವೈದ್ಯರ ಕಣ್ಣೂ, ಮಾದರಿಯನ್ನು ಯಾರಿಗೆ ಕಳುಹಿಸಬೇಕೆಂಬ ತಿಳಿವಳಿಕೆಯೂ ಅಷ್ಟೇ ಮುಖ್ಯವಾಗಿದ್ದವು. ಇಂಥದ್ದನ್ನು ನಮ್ಮ ಆಡಳಿತಗಾರರು ಆಯಾ ವೈದ್ಯರ ಸ್ವಂತ ಜಾಣ್ಮೆಯ ಲೆಕ್ಕಕ್ಕೆ ಹಾಕುತ್ತಾರೆ, ಸಂಸ್ಥೆಯ ಆಸ್ತಿಯ ಲೆಕ್ಕಕ್ಕೆ ಹಾಕುವುದಿಲ್ಲ. ಆದುದರಿಂದಲೇ ಅನುಭವಸ್ಥರು ಬಿಟ್ಟುಹೋಗುವಾಗ ಬಾಕಿ ರಜೆ, ಗುರುತಿನ ಚೀಟಿ, ಸಮವಸ್ತ್ರಗಳ ಬಗ್ಗೆ ಕೇಳಿ ಬೀಳ್ಕೊಡುತ್ತಾರೆ.

ಈಗ ನಾನು ಉಡುಪಿಯಲ್ಲಿದ್ದೇನೆ. ಇಲ್ಲಿ ಪಾಳಿ ಬದಲಾಗುವ ಹೊತ್ತಿಗೆ, ಹೋಗುವವರು ಬರುವವರಿಗೆ ತಮಗೆ ತಿಳಿದುದನ್ನು ಹೇಳಲೆಂದು, ಹತ್ತು ನಿಮಿಷ ಹೆಚ್ಚು ಕೊಡಿಸಲು ಒಂದು ವರ್ಷ ವಾದಿಸಬೇಕಾಯಿತು. ‘ಆ ಹತ್ತು ನಿಮಿಷದ ಸಂಬಳ ಯಾರ ಲೆಕ್ಕಕ್ಕೆ?’ ಎಂಬ ಪ್ರಶ್ನೆ ಎದುರಾಗಿದ್ದು ಸಹಜವೇ ಅನ್ನಿ. ಪ್ರತಿ ವಾರ್ಡಿಗೂ ಒಂದು ಖಾಲಿ ನೋಟುಬುಕ್ಕು ಕೊಟ್ಟಿದ್ದೇವೆ. ಅದರ ರಟ್ಟಿನ ಮೇಲೆ ದಾಖಲೆ ಸಂಖ್ಯೆಯನ್ನೂ ಅನುಮೋದನೆಯ ಮೊಹರನ್ನೂ ಒತ್ತಿಸಿದ್ದೇನೆ, ತಪಾಸಣೆಯ ಮುನ್ನಾದಿನ ನನ್ನಂಥವನೊಬ್ಬ ಅದನ್ನು ಎತ್ತಿಕೊಂಡು ಹೋಗದಿರಲಿ ಎಂದು.